ವೇದಾವತಿ ದಂಡೆಯಲ್ಲಿ ಹೊಳೆ ಮರಳಿಲ್ಲದ ಪಂಪ್‌ಮನೆ: ಎಂ ಸ್ಯಾಂಡ್ ಲೆಕ್ಕ, ಸ್ಲ್ಯಾಬು, ಗಾರೆ

ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ಹೊಳೆ ದಂಡೆಯ ತೋಟವೊಂದಕ್ಕೆ ಕಟ್ಟಿದ ಪಂಪ್‌ಮನೆಯ ಕೆಲಸದ ವಿವರ ಇದು. ಒಳಅಳತೆ 10 ಅಡಿ × 14 ಅಡಿ, ಎತ್ತರ 10 ಅಡಿ. ಸೈಜುಗಲ್ಲಿನ ಪಾಯ, 6 ಇಂಚಿನ ಸಾಲಿಡ್ ಬ್ಲಾಕ್ ಗೋಡೆ, ಸುತ್ತ 1 ಅಡಿ ಚಾಚು ಬಿಟ್ಟ 5 ಇಂಚಿನ ಆರ್‌ಸಿಸಿ ಸ್ಲ್ಯಾಬು. ಒಂದು ಬಾಂಡ್ಲಿ ಹೊಳೆ ಮರಳನ್ನೂ ಬಳಸಿಲ್ಲ, ಎಲ್ಲವೂ ಕ್ರಷರಿನಲ್ಲಿ ಕಲ್ಲು ಒಡೆದು ಮಾಡಿದ ಮರಳು.

ಮೊದಲು ಬೇಕಾದ ಮರಳಿನ ಪ್ರಮಾಣ. ಪಾಯದಡಿಯ ಬೆಡ್ ಕಾಂಕ್ರೀಟಿಗೆ ಅರ್ಧ ಘನ ಮೀಟರ್‌ಗಿಂತ ಸ್ವಲ್ಪ ಕಡಿಮೆ, ಸೈಜುಗಲ್ಲಿನ ಗಾರೆಗೆ 1.9, ಪ್ಲಿಂತ್ ಬೀಮಿಗೆ 0.15, ಬ್ಲಾಕ್ ಕಟ್ಟಲು 0.7, ಸ್ಲ್ಯಾಬಿಗೆ 1.2, ನೆಲದ ಬೆಡ್ಡಿಗೆ ಮತ್ತೆ ಅರ್ಧದಷ್ಟು, ಪ್ಲಾಸ್ಟರಿಂಗಿಗೆ 1.7. ಒಟ್ಟು ಸುಮಾರು 6.5 ಘನ ಮೀಟರ್. ಇದರಲ್ಲಿ ಪ್ಲಾಸ್ಟರಿಂಗಿನ ಪಾಲು ಪಿ ಸ್ಯಾಂಡ್ (ನುಣುಪು ಕಣದ್ದು), ಉಳಿದದ್ದು ಎಂ ಸ್ಯಾಂಡ್ (ಕಾಂಕ್ರೀಟಿಗೆ, ಕಟ್ಟಡಕ್ಕೆ ಬಳಸುವ ಒರಟು ಕಣದ್ದು). ಕ್ರಷರಿನವರು ಟನ್ ಲೆಕ್ಕದಲ್ಲಿ ಮಾರುವುದರಿಂದ ತರಿಸಿದ್ದು ಎಂ ಸ್ಯಾಂಡ್ 9 ಟನ್, ಪಿ ಸ್ಯಾಂಡ್ 3 ಟನ್. ತೂಕದ ಚೀಟಿ ನೋಡುವಾಗ ಒಂದು ಮಾತು ನೆನಪಿರಲಿ: ಆಗಷ್ಟೇ ತೊಳೆದ ಮರಳು ನೂರಕ್ಕೆ ಆರೇಳು ಭಾಗ ನೀರನ್ನೂ ಹೊತ್ತು ತರುತ್ತದೆ. ಆ ನೀರಿಗೂ ದುಡ್ಡು ಕೊಟ್ಟಿರುತ್ತೀರಿ.

ಮನೆ ಬಾಗಿಲಲ್ಲೇ ಹೊಳೆ ಇರುವಾಗ ಕ್ರಷರಿನಿಂದ ಏಕೆ ತರಬೇಕು ಎಂದು ಕೇಳುವವರು ಊರಲ್ಲಿ ಇದ್ದೇ ಇರುತ್ತಾರೆ. ಈ ಪಂಪ್‌ಮನೆ ಯಾವ ಬಾವಿಗಾಗಿಯೋ ಆ ಬಾವಿ ಬದುಕಿರುವುದೇ ಹೊಳೆಯ ಮರಳಿನಿಂದ. ವರ್ಷದ ಬಹುಪಾಲು ವೇದಾವತಿ ಮೇಲೆ ಒಣಗಿರುತ್ತದೆ, ಒಳಗೆ ನೀರಿಟ್ಟುಕೊಂಡಿರುತ್ತದೆ. ನೆನೆದ ಒಂದು ಘನ ಮೀಟರ್ ಮರಳು ಸುಮಾರು 200 ಲೀಟರ್ ನೀರನ್ನು ಬಸಿದು ಕೊಡಬಲ್ಲದು. ನೀರಿನ ಮಟ್ಟ ಮರಳಿನೊಳಗೆ ಎರಡು ಮೂರು ಅಡಿ ಇಳಿದ ಮೇಲೆ ಬಿಸಿಲಿಗೆ ಆವಿಯಾಗುವುದು ತೀರಾ ಕಡಿಮೆ. ಅಷ್ಟು ಚೆನ್ನಾಗಿ ನೀರು ಕಾಯುವ ತೊಟ್ಟಿಯನ್ನು ಸಿಮೆಂಟಿನಲ್ಲಿ ಕಟ್ಟುವುದು ಕಷ್ಟ. ಈ ಕೋಣೆಗೆ ಬೇಕಾದ 6.5 ಘನ ಮೀಟರ್ ಎಂದರೆ 1,300 ಲೀಟರಿನಷ್ಟು ಜಾಗ, ದೊಡ್ಡದೇನಲ್ಲ. ದೊಡ್ಡ ಪೆಟ್ಟು ಬೀಳುವುದು ಪಾತ್ರ ತಗ್ಗಾದಾಗ. ಹೊಳೆಯ ತಳ ಒಂದು ಮೀಟರ್ ಇಳಿದರೆ ದಂಡೆಯ ಮಣ್ಣಿನಲ್ಲಿರುವ ನೀರೂ ಅದೇ ಮಟ್ಟಕ್ಕೆ ಬಸಿಯುತ್ತಾ ಹೋಗುತ್ತದೆ. ಮೊದಲು ಅಕ್ಕಪಕ್ಕದ ತೆರೆದ ಬಾವಿಗಳ ಬುಡ ಕಾಣುತ್ತದೆ, ಆಮೇಲೆ ಸೇತುವೆಯ ಪಾಯ ಬಯಲಾಗುತ್ತದೆ, ದಂಡೆ ಕುಸಿಯುತ್ತದೆ. ಮರಳಿನಡಿಯ ಜಿಗುಟು ಮಣ್ಣು ಮೇಲೆ ಬಂದರಂತೂ ಮುಂದಿನ ಮಳೆಯ ನೀರು ಇಂಗದೆ ಹರಿದು ಹೋಗುತ್ತದೆ.

ಇನ್ನೊಂದು ಕಾರಣವನ್ನು ಹಿರಿಯೂರಿನವರು ಗಮನಿಸಲೇಬೇಕು. ವಾಣಿವಿಲಾಸ ಸಾಗರದ ಕಟ್ಟೆ 1907ರಲ್ಲಿ ಮುಗಿಯಿತು. ಅಂದಿನಿಂದ ಮೇಲಿನ ಸೀಮೆಯ ಮರಳೆಲ್ಲ ಮಾರಿಕಣಿವೆಯ ಈ ಕಟ್ಟೆಯ ಹಿಂದೆಯೇ ಕೂರುತ್ತಿದೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ತುಂಬಿ ಹರಿದದ್ದು 2022ರಲ್ಲಿ. ಕೋಡಿ ಬಿದ್ದಾಗಲೂ ಹರಿದು ಬರುವುದು ತಿಳಿನೀರು, ಮರಳಲ್ಲ. ಕಟ್ಟೆಯ ಕೆಳಗಿನ ಪಾತ್ರಕ್ಕೆ ಹೊಸ ಮರಳು ಬರಬೇಕೆಂದರೆ ಸುವರ್ಣಮುಖಿಯಂಥ ಉಪನದಿ, ಹಳ್ಳಗಳೇ ತರಬೇಕು. ಹಾಗಾಗಿ ಇಲ್ಲಿ ಎತ್ತಿದ ಮರಳು ಮುಂದಿನ ಮಳೆಗಾಲಕ್ಕೆ ತುಂಬಿಕೊಳ್ಳುತ್ತದೆ ಎಂಬ ಮಾತು ನಿಲ್ಲುವುದಿಲ್ಲ. ಕೇಂದ್ರ ಪರಿಸರ ಸಚಿವಾಲಯದ 2016ರ ಮಾರ್ಗಸೂಚಿ ಹೊಳೆಯಲ್ಲಿ 3 ಮೀಟರ್ ಅಥವಾ ನೀರಿನ ಮಟ್ಟ, ಎರಡರಲ್ಲಿ ಯಾವುದು ಮೇಲಿದೆಯೋ ಅಲ್ಲಿಗೇ ನಿಲ್ಲಿಸಬೇಕು ಎನ್ನುತ್ತದೆ. ರಾತ್ರಿ ತುಂಬುವ ಟ್ರ್ಯಾಕ್ಟರು ಅಳತೆಗೋಲು ಇಟ್ಟುಕೊಂಡು ಬರುವುದಿಲ್ಲ.

ಕ್ರಷರೂ ಪುಣ್ಯದ ಕೆಲಸವೇನಲ್ಲ. ಗುಡ್ಡ ಒಡೆಯುತ್ತದೆ, ದೂಳು ಎಬ್ಬಿಸುತ್ತದೆ, ಮರಳು ತೊಳೆಯಲು ನೀರು ಕುಡಿಯುತ್ತದೆ. ಆದರೆ ಅದರ ಹಾನಿ ಒಂದು ಜಾಗದಲ್ಲಿ ಕಟ್ಟಿಹಾಕಬಹುದಾದದ್ದು. ಹೊಳೆಯ ಹಾನಿ ಕೆಳಗಿನ ಊರುಗಳಿಗೆಲ್ಲ ಹರಿಯುತ್ತದೆ.

ಯಾವ ಕಲ್ಲು, ಯಾವ ಕ್ರಷರು

ಚಿತ್ರದುರ್ಗ ಸೀಮೆಯಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ಮುಖ್ಯ. ಕೋಟೆ ಗುಡ್ಡದ ಕಲ್ಲು ಗ್ರಾನೈಟು. ಅದರ ಪಕ್ಕದಲ್ಲೇ ಉದ್ದಕ್ಕೂ ಹಾದುಹೋಗುವುದು ಶಿಸ್ಟ್ ಪಟ್ಟಿ. ಭೂವಿಜ್ಞಾನಿಗಳು ಇದರ ಪದರಗಳಿಗೆ ವಾಣಿವಿಲಾಸ, ಹಿರಿಯೂರು ಎಂದೇ ಹೆಸರಿಟ್ಟಿದ್ದಾರೆ. ಶಿಸ್ಟ್ ಒಡೆದರೆ ಹಾಳೆ ಹಾಳೆಯಾಗಿ ಬಿಡುತ್ತದೆ. ಅಂಥ ಚಪ್ಪಟೆ ಕಣದ ಮರಳು ನೀರು ಹೆಚ್ಚು ಕೇಳುತ್ತದೆ, ಕಾಂಕ್ರೀಟಿನಲ್ಲಿ ಅಡ್ಡಡ್ಡ ಮಲಗಿ ಕೆಳಗೆ ನೀರಿನ ಗುಳ್ಳೆ ಉಳಿಸುತ್ತದೆ. ಅಂಗೈಯಲ್ಲಿ ಹಿಡಿದಾಗ ಮರಳು ಮಿರಮಿರ ಮಿಂಚಿದರೆ ಅದು ಅಭ್ರಕ, ಬೇಡವೆನ್ನಿ. ಇಂಗಳದಾಳದ ಕಡೆಯ ತಾಮ್ರದ ಅದಿರಿನ ಬಂಡೆಗಳಲ್ಲಿ ಗಂಧಕದ ಖನಿಜಗಳಿವೆ. ಅಂಥ ಕಲ್ಲಿನ ಪುಡಿ ಸಿಮೆಂಟಿನೊಳಗೆ ಗಾಳಿ, ನೀರು ತಗುಲಿದಾಗ ತುಕ್ಕುಗಟ್ಟಿ ಉಬ್ಬುತ್ತದೆ. ಗೋಡೆಯ ಮೇಲೆ ಕಂದು ಕಲೆ ಏಳುವುದು ಇದರಿಂದಲೇ. ಗ್ರಾನೈಟ್ ಅಥವಾ ನೈಸ್ ಎಂಬ ಗಟ್ಟಿ ಪಟ್ಟೆಗಲ್ಲಿನ ಕ್ವಾರಿ ಇರುವ ಕ್ರಷರನ್ನೇ ಹಿಡಿಯಬೇಕು. ಅಂಗಡಿಯವನ ಮಾತು ಸಾಲದು, ಗುಡ್ಡವನ್ನೇ ನೋಡಿ ಬರಬೇಕು.

ಮೆಷೀನಿನ ವಿಷಯ. ಜಾ ಕ್ರಷರು ಮತ್ತು ಕೋನ್ ಕ್ರಷರಿನಿಂದ ಜಲ್ಲಿ ಮಾಡುವಾಗ ಜರಡಿಯಡಿ ಬೀಳುವ ಪುಡಿ ಕ್ರಷರ್ ಡಸ್ಟ್. ಎಂ ಸ್ಯಾಂಡ್ ಎಂದರೆ ಆ ಕಲ್ಲಿನ ಚೂರನ್ನು ವಿಎಸ್‌ಐ ಎಂಬ ಲಂಬ ಅಕ್ಷದ ಮೆಷೀನಿಗೆ ಹಾಕಿ, ಕಲ್ಲಿಗೆ ಕಲ್ಲು ಬಡಿಸಿ, ಚೂಪು ಮೂಲೆ ಮುರಿದು ಚಪ್ಪಟೆತನ ಕಳೆದು, ಆಮೇಲೆ ಪುಡಿಯನ್ನು ತೊಳೆದೋ ಗಾಳಿಯಲ್ಲಿ ಬೇರ್ಪಡಿಸಿಯೋ ತೆಗೆದದ್ದು. ಡಸ್ಟನ್ನೇ ಎಂ ಸ್ಯಾಂಡ್ ಎಂದು ಇಳಿಸಿ ಹೋಗುವ ಲಾರಿಗಳು ಬೇಕಾದಷ್ಟಿವೆ. ‘ಎಂ ಸ್ಯಾಂಡ್ ಹಾಕಿದೆವು, ಸ್ಲ್ಯಾಬು ಬಿರುಕು ಬಿಟ್ಟಿತು’ ಎನ್ನುವ ದೂರುಗಳಲ್ಲಿ ಬಹುಪಾಲು ಈ ಡಸ್ಟಿನದು, ಉಳಿದದ್ದು ನೀರಿನದು.

ಹೊಳೆ ಮರಳು ಎಂದು ಕದ್ದುಮುಚ್ಚಿ ಮಾರುವುದರಲ್ಲೂ ಹೊಳೆಯದಲ್ಲದ್ದು ಇರುತ್ತದೆ. ಕೆರೆಯಂಗಳ, ಹೊಲದ ಮಣ್ಣನ್ನು ಅಗೆದು ನೀರಲ್ಲಿ ಜಾಲಿಸಿದ ಫಿಲ್ಟರ್ ಮರಳು ಅದು. ಕಣದ ಸುತ್ತ ಜೇಡಿಯ ಪೊರೆ ಅಂಟಿಕೊಂಡಿರುತ್ತದೆ, ಸಿಮೆಂಟು ಕಣವನ್ನು ಹಿಡಿಯುವುದೇ ಇಲ್ಲ. ಅದರಲ್ಲಿ ಮಾಡಿದ ಪ್ಲಾಸ್ಟರನ್ನು ಎರಡು ಮೂರು ವರ್ಷದ ಮೇಲೆ ಉಗುರಿನಿಂದ ಗೀರಿದರೆ ಉದುರುತ್ತದೆ. ಹೊಲವನ್ನೂ ಕೆರೆಯನ್ನೂ ಒಟ್ಟಿಗೆ ಕೆಡಿಸುವ ಈ ಸರಕಿಗಿಂತ ಸಾಧಾರಣ ಎಂ ಸ್ಯಾಂಡೂ ಮೇಲು.

ಲಾರಿ ಖಾಲಿಯಾಗುವ ಮುಂಚೆ

ಕಾಂಕ್ರೀಟಿನ ಮರಳು, ಜಲ್ಲಿಗೆ ಇರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯ ಪ್ರಕಾರ ಹೊಳೆ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ ತೂಕದಲ್ಲಿ ನೂರಕ್ಕೆ 3 ಭಾಗ ಮೀರಬಾರದು. ಕಲ್ಲು ಒಡೆದ ಮರಳಿನಲ್ಲಿ 15ರವರೆಗೆ ಇರಬಹುದು. ಕಾರಣ ಸರಳ. ಹೊಳೆ ಮರಳಿನ ಪುಡಿ ಎಂದರೆ ಜೇಡಿ, ಎಂ ಸ್ಯಾಂಡಿನ ಪುಡಿ ಎಂದರೆ ಅದೇ ಕಲ್ಲಿನ ಹುಡಿ. ಆದ್ದರಿಂದ ಮೇಸ್ತ್ರಿಗಳು ಮಾಡುವ ಬಾಟಲಿ ಪರೀಕ್ಷೆಯನ್ನು ಇಲ್ಲಿ ಬೇರೆ ರೀತಿ ಓದಬೇಕು. ಬಾಟಲಿಯಲ್ಲಿ ಅರ್ಧದವರೆಗೆ ಮರಳು, ಮುಕ್ಕಾಲಿನವರೆಗೆ ನೀರು, ಒಂದು ಚಮಚ ಉಪ್ಪು, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ಕೂತ ಪದರ ದಪ್ಪಗಿದೆ ಎಂದ ಮಾತ್ರಕ್ಕೆ ಲೋಡು ವಾಪಸ್ ಕಳಿಸಬೇಕಿಲ್ಲ. ಪದರ ಬೂದು ಬಣ್ಣದ್ದಾಗಿ, ನೀರು ಬೇಗ ತಿಳಿಯಾದರೆ ಕಲ್ಲುಹುಡಿ. ನೀರು ಗಂಟೆಗಟ್ಟಲೆ ಕೆಂಪು, ಕಂದು ಬಗ್ಗಡವಾಗಿಯೇ ಉಳಿದರೆ ಜೇಡಿ. ಅನುಮಾನವಿದ್ದರೆ ಆ ಪದರವನ್ನು ಬಸಿದು ಸ್ವಲ್ಪ ಆರಿಸಿ ಅಂಗೈಯಲ್ಲಿ ಶಾವಿಗೆಯಂತೆ ಹೊಸೆಯಿರಿ. ಹೊಸೆಯಲು ಬಂದರೆ ಮಣ್ಣು, ಪುಡಿಯಾದರೆ ಕಲ್ಲು.

ಕ್ವಾರಿಯ ಮೇಲ್ಮಣ್ಣು ಸರಿಯಾಗಿ ತೆಗೆಯದಿದ್ದರೆ, ಇಲ್ಲವೇ ಎರೆಹೊಲದಲ್ಲಿ ಮರಳು ಸುರಿಸಿ ಸಲಿಕೆಯಲ್ಲಿ ಕೆರೆದು ಎತ್ತಿದರೆ ಜೇಡಿ ಸೇರುತ್ತದೆ. ಎರೆಮಣ್ಣಿನ ಜೇಡಿಗೆ ಇನ್ನೊಂದು ಕೆಟ್ಟ ಗುಣ: ಈಗಿನ ಪಿಸಿಇ ಜಾತಿಯ ಪ್ಲಾಸ್ಟಿಸೈಸರನ್ನು (ನೀರು ಹೆಚ್ಚಿಸದೆ ಕಾಂಕ್ರೀಟು ಸಡಿಲ ಮಾಡುವ ದ್ರವ) ತಾನೇ ಹೀರಿಬಿಡುತ್ತದೆ. ದುಬಾರಿ ಡಬ್ಬಿ ಸುರಿದರೂ ಕಾಂಕ್ರೀಟು ಸಡಿಲವಾಗದಿದ್ದರೆ ಮೊದಲು ಮರಳನ್ನು ಅನುಮಾನಿಸಿ. ಈ ಕೆಲಸದಲ್ಲಿ ಮರಳು ಇಳಿಸುವ ಜಾಗಕ್ಕೆ ಮೊದಲೇ ಒಂದು ಪದರ ಜಲ್ಲಿಪುಡಿ ಹರಡಿ ಗಟ್ಟಿ ಮಾಡಿ, ಮೇಲೆ ಟಾರ್ಪಾಲು ಹಾಸಲಾಯಿತು.

ಮುಂದಿನದು ಜರಡಿ. ಪೂರಾ ಸೆಟ್ಟು ಇಲ್ಲದಿದ್ದರೂ 4.75 ಮಿಮೀ, 600 ಮೈಕ್ರಾನ್, 150 ಮೈಕ್ರಾನ್, ಈ ಮೂರು ಇದ್ದರೆ ಬಹಳಷ್ಟು ಗೊತ್ತಾಗುತ್ತದೆ. ಒಣಗಿಸಿದ ಒಂದು ಕೆಜಿ ಮರಳಿನಲ್ಲಿ 4.75ರ ಜರಡಿಯಿಂದ ಕನಿಷ್ಠ 900 ಗ್ರಾಂ ಇಳಿಯಬೇಕು. 600 ಮೈಕ್ರಾನಿನಿಂದ 350ರಿಂದ 590 ಗ್ರಾಂ ಇಳಿದರೆ ಐಎಸ್ 383ರ ಎರಡನೇ ವಲಯದ (ಮಧ್ಯಮ ಕಣದ) ಮರಳು, ಸ್ಲ್ಯಾಬಿಗೆ ಒಳ್ಳೆಯದು. 150ರಿಂದ 340 ಗ್ರಾಂ ಆದರೆ ಮೊದಲ ವಲಯ, ಒರಟು. ಬಳಸಬಹುದು, ಮರಳಿನ ಪಾಲು ಸ್ವಲ್ಪ ಏರಿಸಬೇಕು. 150 ಮೈಕ್ರಾನಿನಿಂದ ಇಳಿಯುವುದು ಒಡೆದ ಮರಳಿಗೆ 200 ಗ್ರಾಂ ದಾಟಬಾರದು. ಎಂ ಸ್ಯಾಂಡಿನ ಸಾಮಾನ್ಯ ರೋಗವೆಂದರೆ ದಪ್ಪ ಕಣವೂ ಬೇಕಾದಷ್ಟು, ಹುಡಿಯೂ ಬೇಕಾದಷ್ಟು, ನಡುವಿನದು ಮಾತ್ರ ಕಡಿಮೆ. ಅಂಥದ್ದರಲ್ಲಿ ಕಲೆಸಿದ ಕಾಂಕ್ರೀಟು ಕರಣೆಗೆ ಒರಟೊರಟಾಗಿ ಸಿಗುತ್ತದೆ.

ಒಣ ಮರಳು ಜರಡಿ ಹಿಡಿಯುವವರು ಮೂಗು ಮುಚ್ಚಿಕೊಳ್ಳಲೇಬೇಕು, ಟವೆಲಲ್ಲ, ದೂಳಿನ ಮಾಸ್ಕು. ಗ್ರಾನೈಟಿನ ಹುಡಿಯಲ್ಲಿ ಬೆಣಚುಕಲ್ಲಿನ ಅಂಶ ಬಹಳ. ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಕಾಂಕ್ರೀಟಿನ ಅಳತೆ

ಸ್ಲ್ಯಾಬಿನ ಹೊರಅಳತೆ 13 × 17 ಅಡಿ, ಅಂದರೆ 221 ಚದರಡಿ. 5 ಇಂಚು ದಪ್ಪಕ್ಕೆ 92 ಘನ ಅಡಿ, 2.6 ಘನ ಮೀಟರ್. ಕಂಬಿ 8 ಮಿಮೀ, ಎರಡೂ ದಿಕ್ಕಿಗೆ 6 ಇಂಚಿಗೊಂದು, ಕೆಳಗೆ 20 ಮಿಮೀ ಕವರ್ ಬ್ಲಾಕು. ಚಾಚಿನ ಮೇಲೆ ಮೇಲ್ಗಂಬಿ ತಪ್ಪದೆ ಇರಬೇಕು, ತುಳಿದು ತಗ್ಗಿಸದಂತೆ ಅಡಿಗೆ ಕಂಬಿ ಬಗ್ಗಿಸಿದ ಕುರ್ಚಿ ಕಟ್ಟಬೇಕು.

ಬಾಂಡ್ಲಿ ಲೆಕ್ಕ ಬಿಟ್ಟು ಫರ್ಮಾ (ಅಳತೆಪೆಟ್ಟಿಗೆ) ಮಾಡಿಸಿಕೊಳ್ಳಿ: ಒಳಗೆ 300 × 300 ಮಿಮೀ, ಆಳ 333 ಮಿಮೀ. ಇದು 30 ಲೀಟರ್ ಹಿಡಿಯುತ್ತದೆ. ಒಂದು ಮೂಟೆ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಎಂ ಸ್ಯಾಂಡ್ 2 ಫರ್ಮಾ, 20 ಮಿಮೀ ಜಲ್ಲಿ 2 ಫರ್ಮಾ, 12 ಮಿಮೀ ಜಲ್ಲಿ ಒಂದೂವರೆ ಫರ್ಮಾ, ಒಟ್ಟು ನೀರು 25 ಲೀಟರ್. ಮರಳು ಹೆಚ್ಚುಕಡಿಮೆ 100 ಕೆಜಿ ಆಗುತ್ತದೆ. ಇಷ್ಟಕ್ಕೆ ಬರುವ ಕಾಂಕ್ರೀಟು ಸುಮಾರು 139 ಲೀಟರ್. ಈ ಸ್ಲ್ಯಾಬಿಗೆ 20 ಮೂಟೆ ಸಾಕು, ಚೆಲ್ಲಿದ್ದೂ ಸೇರಿ. ಗ್ರೇಡು ಎಂ20 (28 ದಿನಕ್ಕೆ ಚದರ ಮಿಮೀಗೆ 20 ನ್ಯೂಟನ್ ಬಲ), ನೀರು ಸಿಮೆಂಟಿನ ಅನುಪಾತ 0.5ರಲ್ಲಿ ಇಟ್ಟರೆ ಆರಾಮಾಗಿ ದಾಟುತ್ತದೆ.

ಆ 25 ಲೀಟರಿನಲ್ಲೇ ಎಲ್ಲವೂ ಇದೆ. ಹೊಳೆ ಮರಳಿನ ಕಣ ದುಂಡಗೆ, ಉರುಳಿಕೊಂಡು ಹೋಗುತ್ತದೆ. ಎಂ ಸ್ಯಾಂಡಿನ ಕಣಕ್ಕೆ ಮೂಲೆಗಳಿವೆ, ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಅದೇ ಗುಣ ಗಟ್ಟಿಯಾದ ಮೇಲೆ ಬಲ ಕೊಡುತ್ತದೆ, ಹಸಿಯಿರುವಾಗ ಕೈ ನೋಯಿಸುತ್ತದೆ. ಮೇಸ್ತ್ರಿ ‘ಬಿಗಿ ಆಯ್ತು, ಒಂದು ಚೊಂಬು ಬಿಡು’ ಅನ್ನುತ್ತಾನೆ. ಒಂದು ಚೊಂಬು ಹೋಗಿ 5 ಲೀಟರ್ ಆದರೆ ಅನುಪಾತ 0.6, ಬಲದಲ್ಲಿ ಐದನೇ ಒಂದು ಪಾಲು ಹೋಯಿತು ಎಂದೇ ಲೆಕ್ಕ, ಕುಗ್ಗುವಿಕೆ ಬೇರೆ. ಬಿಗಿಯಾದರೆ ನೀರಲ್ಲ, ಪ್ಲಾಸ್ಟಿಸೈಸರು. ನಾಫ್ತಲೀನ್ ಜಾತಿಯದಾದರೆ ಮೂಟೆಗೆ 250ರಿಂದ 500 ಗ್ರಾಂ, ಪಿಸಿಇ ಆದರೆ ಇನ್ನೂ ಕಡಿಮೆ. ಡಬ್ಬಿಯ ಮೇಲಿನ ಮಿತಿ ಮೀರಿದರೆ ಕಾಂಕ್ರೀಟು ಗಂಟೆಗಟ್ಟಲೆ ಸೆಟ್ ಆಗುವುದೇ ಇಲ್ಲ. ಒಣ ಸಿಮೆಂಟಿನ ಮೇಲೆ ಸುರಿಯಬಾರದು. ಕೊನೆಯ ನಾಲ್ಕೈದು ಲೀಟರ್ ನೀರಿನಲ್ಲಿ ಕದಡಿ, ಮಿಕ್ಸರು ಒಂದು ನಿಮಿಷ ತಿರುಗಿದ ಮೇಲೆ ಹಾಕಬೇಕು. ಕಾಂಕ್ರೀಟು ಕೆಲಸದ ಮಾನಕ ಐಎಸ್ 456 ಎರಡು ನಿಮಿಷ ಕಲೆಸಲು ಹೇಳುತ್ತದೆ. ಎಂ ಸ್ಯಾಂಡಿಗೆ ಮೂರು ಕೊಡಿ.

ಮರಳಿನೊಳಗಿನ ನೀರನ್ನು 25ರಿಂದ ಕಳೆಯಬೇಕು. ಬೆಳಗ್ಗೆ ರಾಶಿಯ ಒಡಲಿನಿಂದ 500 ಗ್ರಾಂ ತೆಗೆದು ಬಾಣಲೆಯಲ್ಲಿ ಹುರಿಯಿರಿ. ಗಾಜಿನ ಚೂರು ಮೇಲೆ ಹಿಡಿದಾಗ ಆವಿ ಕೂರದಿದ್ದರೆ ಒಣಗಿದೆ ಎಂದರ್ಥ. 465 ಗ್ರಾಂ ಉಳಿದರೆ 35 ಗ್ರಾಂ ನೀರು, ಸುಮಾರು ನೂರಕ್ಕೆ 7 ಭಾಗ. ಕಣ ತಾನೇ ಹೀರಿಕೊಳ್ಳುವ 2 ಭಾಗ ಬಿಟ್ಟರೆ 5 ಭಾಗ ಬಿಡಿ ನೀರು. 100 ಕೆಜಿ ಮರಳಿಗೆ 5 ಲೀಟರ್. ಆಗ ಮಿಕ್ಸರಿಗೆ ಹಾಕುವುದು 20 ಲೀಟರ್ ಮಾತ್ರ. ಮಧ್ಯಾಹ್ನದ ಹೊತ್ತಿಗೆ ರಾಶಿಯ ಮೇಲ್ಭಾಗ ಒಣಗುತ್ತದೆ, ಬುಡ ಹಾಗೇ ಇರುತ್ತದೆ. ಮೇಲಿಂದ ಎತ್ತಿದ ಬ್ಯಾಚಿಗೂ ಬುಡದಿಂದ ಎತ್ತಿದ್ದಕ್ಕೂ ಇದೇ ಕಾರಣಕ್ಕೆ ವ್ಯತ್ಯಾಸ. ಮೊದಲೇ ಸಲಿಕೆಯಲ್ಲಿ ರಾಶಿ ಮಗುಚಿ ಟಾರ್ಪಾಲು ಮುಚ್ಚಿಟ್ಟರೆ ಈ ತಲೆನೋವಿಲ್ಲ.

ತೇವದ ಮರಳು ಉಬ್ಬುತ್ತದೆ ಎಂಬುದೂ ಇದರ ಜೊತೆಗೇ. 200 ಮಿಮೀ ಎತ್ತರಕ್ಕೆ ಸಡಿಲವಾಗಿ ತುಂಬಿದ ಡಬ್ಬಿಯ ಮರಳನ್ನು ಹೊರಗೆ ಸುರಿದು, ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ವಾಪಸ್ ಹಾಕಿ ಕಲಕಿ. 170ಕ್ಕೆ ಇಳಿದರೆ ಉಬ್ಬು ನೂರಕ್ಕೆ 18 ಭಾಗದ ಹತ್ತಿರ. ಆ ದಿನ 60 ಲೀಟರ್ ಬದಲು 71 ಲೀಟರ್ ಮರಳು ಹಾಕಬೇಕು. ಉಬ್ಬನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ಮರಳು ಕಡಿಮೆಯಾಗಿ ಜಲ್ಲಿ ಎದ್ದು ಕಾಣುತ್ತದೆ, ತಳದಲ್ಲಿ ಜೇನುಗೂಡು ಬೀಳುತ್ತದೆ. ಸೆಂಟ್ರಿಂಗ್ ಬಿಚ್ಚಿದ ಮೇಲೆ ಅದರ ದೂರು ಎಂ ಸ್ಯಾಂಡಿನ ತಲೆಗೇ.

ಸ್ಲಂಪ್, ಅಂದರೆ ಕೋನು ಎತ್ತಿದಾಗ ಹಸಿ ಕಾಂಕ್ರೀಟು ಕುಸಿಯುವ ಅಳತೆ, 75ರಿಂದ 100 ಮಿಮೀ. ಕೋನು ತಗಡಿನಲ್ಲೇ ಮಾಡಿಸಬಹುದು: ಎತ್ತರ 300, ಕೆಳಗೆ 200, ಮೇಲೆ 100 ಮಿಮೀ ವ್ಯಾಸ. 150 ಮಿಮೀ ಅಚ್ಚಿನಲ್ಲಿ ಆರು ಕ್ಯೂಬು ತುಂಬಿ, ಮೂರನ್ನು 7ನೇ ದಿನ, ಮೂರನ್ನು 28ನೇ ದಿನ ಒಡೆಸಬೇಕು. ಸಿವಿಲ್ ವಿಭಾಗವಿರುವ ಎಂಜಿನಿಯರಿಂಗ್ ಕಾಲೇಜುಗಳು ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಇವೆ, ವಿಚಾರಿಸಿ. ಪಿಪಿಸಿ ನಿಧಾನದ ಸಿಮೆಂಟು. 7ನೇ ದಿನ ಅಂಕಿ ಕಡಿಮೆ ಬಂತೆಂದು ಗಾಬರಿಯಾಗಬೇಕಿಲ್ಲ, 28ರದ್ದೇ ನಿಜ.

ಬೋರಿನ ನೀರು ಉಪ್ಪಾಗಿದ್ದರೆ ಆರ್‌ಸಿಸಿಗೆ ಬಳಸುವ ಮುಂಚೆ ಪರೀಕ್ಷಿಸಿ: ಐಎಸ್ 456ರ ಪ್ರಕಾರ ಕ್ಲೋರೈಡು ಲೀಟರಿಗೆ 500 ಮಿಗ್ರಾಂ ಒಳಗಿರಬೇಕು.

ಗಾಳಿ

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಗಿರಣಿ ನೆಟ್ಟವರಿಗೆ ಗೊತ್ತಿದ್ದದ್ದು ಸ್ಲ್ಯಾಬು ಹಾಕುವವರಿಗೂ ಗೊತ್ತಿರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುತ್ತದೆ, ಮೋಡವಿದ್ದರೂ ಮಳೆ ಕಡಿಮೆ. ಬಿಸಿಲಿಲ್ಲ, ತಂಪಾಗಿದೆ, ಸ್ಲ್ಯಾಬಿಗೆ ಒಳ್ಳೆಯ ದಿನ ಎಂದು ಮೋಸ ಹೋಗುವುದು ಇಲ್ಲೇ.

ಹೊಳೆ ಮರಳಿನ ಕಾಂಕ್ರೀಟು ಹಾಕಿದ ಮೇಲೆ ತುಸು ನೀರನ್ನು ಮೇಲಕ್ಕೆ ಬಿಡುತ್ತದೆ, ಆ ತೆಳು ಪದರ ಮೇಲ್ಮೈಯನ್ನು ಕಾಯುತ್ತದೆ. ಎಂ ಸ್ಯಾಂಡಿನ ಹುಡಿ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಮೇಲೆ ಬರುವ ನೀರಿಗಿಂತ ಗಾಳಿ ಒಯ್ಯುವ ನೀರು ಹೆಚ್ಚಾದ ಗಳಿಗೆಯಲ್ಲಿ ಹಸಿ ಕಾಂಕ್ರೀಟಿನ ಮೈ ಬಿಗಿದು ಬಿರಿಯುತ್ತದೆ. ಒಂದರಿಂದ ನಾಲ್ಕು ಗಂಟೆಯೊಳಗೆ, ಗಾಳಿಗೆ ಅಡ್ಡಲಾಗಿ, ಗೇಣುದ್ದದಿಂದ ಮೊಳದುದ್ದದ ಗೀರುಗಳು. ಸಿಮೆಂಟಿನ ತಪ್ಪಲ್ಲ, ಕಂಬಿಯ ತಪ್ಪಲ್ಲ.

ತಡೆಯುವ ಕ್ರಮ ಹೀಗಿತ್ತು. ಪಡುವಣ ದಿಕ್ಕಿಗೆ ಸ್ಲ್ಯಾಬಿನ ಮಟ್ಟಕ್ಕಿಂತ ನಾಲ್ಕಡಿ ಮೇಲೆ ಬರುವಂತೆ ಗಳ ನೆಟ್ಟು ಹಸಿರು ನೆರಳುಬಲೆ. ಸೆಂಟ್ರಿಂಗ್ ತಗಡಿಗೆ ಮುಂಚೆ ನೀರು ಚಿಮುಕಿಸಿ ತಂಪು ಮಾಡುವುದು, ನೀರು ನಿಲ್ಲಬಾರದು. ಬೆಳಕು ಹರಿಯುವಾಗಲೇ ಶುರು, ಗಾಳಿ ಏರುವ ಮುಂಚೆ ಮುಗಿಸುವುದು. ವೈಬ್ರೇಟರು ಒಂದು ಜಾಗದಲ್ಲಿ ಎಣಿಸಿ ಏಳೆಂಟು ಸೆಕೆಂಡು. ಮೇಲ್ಮೈ ಹೊಳಪು ಬಂದ ಕೂಡಲೇ ಎತ್ತಬೇಕು. ಎಂ ಸ್ಯಾಂಡಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಡಿಯೆಲ್ಲ ಮೇಲೆ ಬಂದು ಕೆನೆಗಟ್ಟುತ್ತದೆ, ಆ ಕೆನೆಯೇ ನಾಳೆ ಜೇಡನ ಬಲೆಯಂಥ ಬಿರುಕು. ಮಟ್ಟಗೋಲು ಎಳೆದ ಹಿಂದೆಯೇ ಪಾಲಿಥೀನ್ ಹಾಳೆ. ಇಡೀ ಸ್ಲ್ಯಾಬು ಮುಗಿಯಲಿ ಎಂದು ಕಾಯಬಾರದು. ಒಂದು ಗಂಟೆ ಬಿಟ್ಟು ಹಾಳೆ ಸರಿಸಿ ನೋಡಿ, ಗೀರು ಕಂಡರೆ ಮರದ ಹಲಗೆಯಿಂದ ಒತ್ತಿ ಉಜ್ಜಿ ಮತ್ತೆ ಮುಚ್ಚಬೇಕು. ಕಾಂಕ್ರೀಟು ಹಸಿ ಇರುವಾಗ ಮುಚ್ಚಿದ ಗೀರು ಪೂರ್ತಿ ಕೂಡುತ್ತದೆ. ಮೇಲೆ ಒಣ ಸಿಮೆಂಟು ಎರಚಿ ಉಜ್ಜುವುದನ್ನು ಮಾತ್ರ ಯಾರೂ ಮಾಡಕೂಡದು. ಗೀರಿನ ಮೇಲೆ ಪುಡಿ ಬಳಿದಂತೆ ಅಷ್ಟೆ, ಅಡಿಯಲ್ಲಿ ಬಿರುಕು ಹಾಗೇ ಇರುತ್ತದೆ.

ಮರುದಿನ ಗಾರೆಯ ಬದು ಕಟ್ಟಿ ನೀರು ನಿಲ್ಲಿಸಿ. ಪಿಪಿಸಿಗೆ ಐಎಸ್ 456 ಕನಿಷ್ಠ 10 ದಿನ ಹೇಳುತ್ತದೆ, ಒಣಹವೆಯಲ್ಲಿ 14 ದಿನ ಇಡುವುದೇ ಸರಿ. ಬಿಸಿಲಿಗೆ ಬದು ಒಡೆದು ನೀರು ಸೋರಿಹೋಗುವುದು ಸಾಮಾನ್ಯ. ದಿನಕ್ಕೆ ಎರಡು ಸಲ ಹತ್ತಿ ನೋಡುವವರು ಇರಬೇಕು.

ಗಟ್ಟಿಯಾದ ಮೇಲೆ ಕಂಡ ಬಿರುಕಿಗೆ ರಿಪೇರಿ ಬೇರೆ. ಕೂದಲೆಳೆಯಷ್ಟಿದ್ದು ಸೋರದಿದ್ದರೆ ತಂತಿ ಬ್ರಷ್ಷಿನಿಂದ ಕೆರೆದು, ಊದಿ ಸ್ವಚ್ಛ ಮಾಡಿ, ಪಾಲಿಮರ್ ಬೆರೆಸಿದ ಸಿಮೆಂಟು ಹಾಲನ್ನು ಬ್ರಷ್ಷಿನಲ್ಲಿ ತುಂಬಿಸಿದರೆ ಸಾಕು. ಅದಕ್ಕಿಂತ ಅಗಲವಾಗಿ ಕೆಳಗಿನವರೆಗೆ ಹೋಗಿದ್ದರೆ ತೆಳ್ಳನೆಯ ಎಪಾಕ್ಸಿಯನ್ನೇ ಇಳಿಸಬೇಕು, ಬಿರುಕು ಪೂರ್ತಿ ಒಣಗಿರಬೇಕು.

ಗೋಡೆ, ಗಾರೆ

ಬ್ಲಾಕ್ ಕಟ್ಟಿದ್ದು 1:6ರಲ್ಲಿ (ಒಂದು ಸಿಮೆಂಟು, ಆರು ಮರಳು), ಸಂದು 10 ಮಿಮೀ. ಎಂ ಸ್ಯಾಂಡನ್ನು ನೇರ ಬಳಸಿದರೆ 4 ಮಿಮೀ ಕಾಳುಗಳು ಬ್ಲಾಕನ್ನು ಕೂರಲು ಬಿಡುವುದಿಲ್ಲ, 2.36ರ ಜರಡಿ ಹಿಡಿದರೆ ಕೈ ಸಲೀಸು. ಬ್ಲಾಕು ಕ್ಯೂರಿಂಗ್ ಆಗಿ ಒಣಗಿರಬೇಕು, ಹಸಿ ಬ್ಲಾಕು ಕಟ್ಟಿದರೆ ಆಮೇಲೆ ಕುಗ್ಗಿ ಸಂದಿನಗುಂಟ ಮೆಟ್ಟಿಲು ಬಿರುಕು. ಇಷ್ಟೇ.

ಪ್ಲಾಸ್ಟರಿಂಗಿನಲ್ಲಿ ಎಂ ಸ್ಯಾಂಡಿನ ಮರ್ಯಾದೆ ಹೋಗುವುದು ಹೆಚ್ಚು. ಐಎಸ್ 1542 ಪ್ಲಾಸ್ಟರ್ ಮರಳಿಗೆ 600 ಮೈಕ್ರಾನ್ ಜರಡಿಯಿಂದ ನೂರಕ್ಕೆ 80 ಭಾಗವಾದರೂ ಇಳಿಯಬೇಕು, 75 ಮೈಕ್ರಾನಿನ ಹುಡಿ 5 ಮೀರಬಾರದು ಎನ್ನುತ್ತದೆ. ಕಾಂಕ್ರೀಟಿನ ಮರಳಿಗಿಂತ ನುಣುಪು, ಆದರೆ ಹುಡಿ ಅದಕ್ಕಿಂತ ಬಹಳ ಕಡಿಮೆ. ಎಂ ಸ್ಯಾಂಡನ್ನೇ ಸಣ್ಣ ಜಾಲರಿಯಲ್ಲಿ ಸೋಸಿದರೆ ಪಿ ಸ್ಯಾಂಡ್ ಆಯಿತು ಎಂದುಕೊಳ್ಳುವುದು ಇಲ್ಲಿ ಕೈಕೊಡುತ್ತದೆ: ದಪ್ಪ ಕಣ ಹೋಗಿ ಹುಡಿಯ ಪಾಲು ಇನ್ನೂ ಏರುತ್ತದೆ. ತೊಳೆದ ಪಿ ಸ್ಯಾಂಡೇ ಬೇಕು.

ಮೊದಲು ಬೀಮು ಮತ್ತು ಬ್ಲಾಕು ಕೂಡುವ ಕಡೆ, ಕರೆಂಟಿನ ಪೈಪು ಕೊರೆದ ಕಡೆ ಒಂದಡಿ ಅಗಲ ಕೋಳಿಬಲೆ, ಮೊಳೆ ಹೊಡೆದು ಬಿಗಿಯಾಗಿ. ಆಮೇಲೆ ಚಿಮುಕು: 1:3ರ ಸಿಮೆಂಟು ಮತ್ತು ಒರಟು ಎಂ ಸ್ಯಾಂಡನ್ನು ತೆಳ್ಳಗೆ ಕಲಸಿ ಗೋಡೆಗೆ ಎರಚಿ, ಎರಡು ದಿನ ನೀರುಣಿಸಬೇಕು. ಪಿ ಸ್ಯಾಂಡಿನ ಗಾರೆ ಈ ಒರಟನ್ನು ಹಿಡಿದೇ ನಿಲ್ಲುವುದು. ಗಾರೆ ಹೊರಗೆ 1:5, ಒಳಗೆ ಒಂದು ಸಿಮೆಂಟು, ಒಂದು ಸುಣ್ಣ, ಆರು ಮರಳು. ಸುಣ್ಣ ಬೆರೆಸಿದರೆ ಕರಣೆಗೆ ಬೆಣ್ಣೆಯಂತೆ ಸಿಗುತ್ತದೆ, ಕುಗ್ಗಿದರೂ ದೊಡ್ಡ ಬಿರುಕು ಬಿಡದೆ ತಾಳಿಕೊಳ್ಳುತ್ತದೆ. ಒಳ್ಳೆ ಕೆಲಸವಾಗಲಿ ಎಂದು 1:3 ಹಾಕಿಸುವವರ ಗೋಡೆಯೇ ಮೊದಲು ಬಿರಿಯುವುದು. ಸಿಮೆಂಟು ಹೆಚ್ಚಿದಷ್ಟೂ ಕುಗ್ಗುವಿಕೆ ಹೆಚ್ಚು. ದಪ್ಪ ಒಳಗೆ 12, ಹೊರಗೆ 15ರಿಂದ 18 ಮಿಮೀ. 18 ಮೀರಿದರೆ ಎರಡು ಪದರದಲ್ಲಿ. ಸಿಮೆಂಟು ಬೆರೆಸಿ ಕಲೆಸಿದ ಗಾರೆಯನ್ನು ಎರಡು ಗಂಟೆಯೊಳಗೆ ಮುಗಿಸಬೇಕು. ಊಟಕ್ಕೆ ಹೋಗಿ ಬಂದು ನೀರು ಚಿಮುಕಿಸಿ ಮತ್ತೆ ಕಲೆಸಿದ ಗಾರೆ ಗೋಡೆಗೆ ಅಂಟಿದಂತೆ ಕಾಣುತ್ತದೆ, ಅಂಟಿರುವುದಿಲ್ಲ.

ಮರದ ಹಲಗೆಯಲ್ಲಿ ಮುಗಿಸಿ ಬಿಟ್ಟುಬಿಡಿ. ಕಬ್ಬಿಣದ ಕರಣೆಯಿಂದ ಸಿಮೆಂಟು ಹಾಲು ಬಳಿದು ನುಣ್ಣಗೆ ಮಾಡುವ ಚಟ ಹೊಳೆ ಮರಳಿನ ಕಾಲದ್ದು; ಪಿ ಸ್ಯಾಂಡಿನ ಮೇಲೆ ಅದು ಕೆರೆಯಂಗಳ ಬಿರಿದಂಥ ಸಣ್ಣ ಬಿರುಕುಗಳ ಜಾಲವಾಗುತ್ತದೆ. ಕನಿಷ್ಠ 7 ದಿನ ನೀರು, ಪಡುವಣ ಗೋಡೆಗೆ ಗೋಣಿಚೀಲ ಇಳಿಬಿಟ್ಟು.

ಎರಡು ವಾರದ ಮೇಲೆ ಕರಣೆಯ ಹಿಡಿಯಿಂದ ಗೋಡೆಯನ್ನೆಲ್ಲ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದಲ್ಲಿ ಸುಣ್ಣದಕಡ್ಡಿಯಿಂದ ಗುರುತು ಹಾಕಿ, ಗುರುತಿನಿಂದ ಎರಡು ಇಂಚು ಆಚೆಗೆ ಗ್ರೈಂಡರಿನಲ್ಲಿ ಚೌಕವಾಗಿ ಕತ್ತರಿಸಿ ಬ್ಲಾಕಿನವರೆಗೆ ತೆಗೆಯಬೇಕು. ಅಂಚು ಓರೆಯಾಗಿ ಉಳಿದರೆ ತೇಪೆಯ ತುದಿ ತೆಳ್ಳಗಾಗಿ ಏಳುತ್ತದೆ. ಬಿಚ್ಚಿದ ಚೂರಿನ ಬೆನ್ನು ನೋಡಿ: ನುಣ್ಣಗಿದ್ದರೆ ಚಿಮುಕು ಹಾಕಿಲ್ಲ, ಹುಡಿಹುಡಿಯಾಗಿದ್ದರೆ ಒಣ ಬ್ಲಾಕು ನೀರು ಹೀರಿದೆ ಅಥವಾ ಮರಳು ತೊಳೆದದ್ದಲ್ಲ. ಕಾರಣ ತಿಳಿಯದೆ ತೇಪೆ ಹಾಕಿದರೆ ಅದೇ ಜಾಗ ಮತ್ತೆ ಟೊಳ್ಳು. ನೀರುಣಿಸಿ, ಪಾಲಿಮರ್ ಬೆರೆಸಿದ ಸಿಮೆಂಟು ಹಾಲು ಬಳಿದು, ಅದು ಹಸಿಯಿರುವಾಗಲೇ ಹಳೆಯ ಅಳತೆಯದೇ ಗಾರೆ ತುಂಬಿ. ತೇಪೆಗೆಂದು ಸಿಮೆಂಟು ಏರಿಸಬೇಡಿ.

ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇರುವುದರಿಂದ ಸ್ಲ್ಯಾಗ್ (ಕುಲುಮೆಯ ಕಿಟ್ಟ) ಮರಳಿನ ಮಾತೂ ಈ ಕಡೆ ಬರುತ್ತದೆ. ಕಬ್ಬಿಣದ ಕುಲುಮೆಯ ಸ್ಲ್ಯಾಗನ್ನು ಐಎಸ್ 383 ಆರ್‌ಸಿಸಿಯಲ್ಲಿ ಮರಳಿನ ನೂರಕ್ಕೆ 25 ಭಾಗದವರೆಗೆ, ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ 50ರವರೆಗೆ ಒಪ್ಪುತ್ತದೆ. ಉಕ್ಕಿನ ಸ್ಲ್ಯಾಗು ಬೇರೆ ಜಾತಿ, ಉಬ್ಬುತ್ತದೆ; ಅದಕ್ಕೆ ಆರ್‌ಸಿಸಿಯಲ್ಲಿ ಜಾಗವೇ ಇಲ್ಲ. ಹಳೆ ಕಾಂಕ್ರೀಟು ಪುಡಿ ಮಾಡಿದ ಮರಳನ್ನು ಆರ್‌ಸಿಸಿಯಲ್ಲಿ ಎಂ25ರವರೆಗೆ ಮಾತ್ರ, ಅದೂ 20 ಭಾಗ. ಇಷ್ಟು ಸಣ್ಣ ಕೋಣೆಗೆ ಎರಡು ಬಗೆಯ ಮರಳು ತಂದು ಬೆರೆಸುವುದು ಲಾಭವಲ್ಲ; ಬೆರಕೆ ಹದ ತಪ್ಪಿದರೆ ಬ್ಯಾಚಿಗೊಂದು ಬಣ್ಣ, ಬ್ಯಾಚಿಗೊಂದು ಸ್ಲಂಪು.

ಜರಡಿಯ ಮೇಲೆ ಉಳಿದ ಕಾಳನ್ನು ನೆಲದ ಬೆಡ್ಡಿಗೆ ಹಾಕಿ ಮುಗಿಸಲಾಯಿತು. ಮಿಕ್ಕ ಪಿ ಸ್ಯಾಂಡನ್ನು ಹಳೆ ಸಿಮೆಂಟು ಚೀಲಗಳಲ್ಲಿ ಕಟ್ಟಿ ಒಳಗಿಡಬೇಕು. ಬಯಲಲ್ಲಿ ಬಿಟ್ಟರೆ ಮಳೆಗೆ ಹುಡಿ ರಾಶಿಯ ಬುಡಕ್ಕೆ ಇಳಿದು, ಮೇಲೆ ಒಂದು ಬಗೆ, ಕೆಳಗೆ ಇನ್ನೊಂದು ಬಗೆಯ ಮರಳಾಗುತ್ತದೆ. ಮುಂದಿನ ತೇಪೆಗೆ ಬಳಸುವ ಮುಂಚೆ ಮತ್ತೆ ಜರಡಿ ಪರೀಕ್ಷೆ ಮಾಡಬೇಕಾಗುತ್ತದೆ.